ಅರ್ಧಕ್ಕೆ ನಿಂತ ಉಪ್ಪಿನಕಾಯಿ

ವಿಜಯನಗರದ ನಮ್ಮ ಮನೆಯಲ್ಲಿ ಅಡುಗೆಮನೆ ಅತ್ತೆಯದು. ಭಾನುವಾರ ಸಂಜೆ ಮಾತ್ರ ನನ್ನದು. ಅಂಥ ಒಂದು ಸಂಜೆಗೆಂದು ಸೂಪರ್‌ಮಾರ್ಕೆಟ್‌ನಿಂದ ಒಂದು ಬಾಟಲಿ ಹಸಿರು ಆಲಿವ್ ತಂದಿದ್ದೆ. ಸೌತೆಕಾಯಿ, ಕಿತ್ತಳೆ ತೊಳೆ, ಪುದೀನದ ಜೊತೆ ಕಲಸಿ, ಮೇಲೆ ನಿಂಬೆಹಣ್ಣು ಹಿಂಡಿ ಸಲಾಡ್ ಮಾಡುವ ಆಸೆ.

ಕೆಳಗೆ ಸೊಪ್ಪಿನ ಗಾಡಿಯಲ್ಲಿ ಪುದೀನ ಕೊಂಡು ಬರುವಷ್ಟರಲ್ಲಿ ಮನೆ ತುಂಬ ಇಂಗಿನ ಒಗ್ಗರಣೆಯ ಘಮ. ಒಲೆಯ ಮುಂದೆ ಅತ್ತೆ. ನನ್ನ ಆಲಿವ್‌ಗಳು ಪಿಂಗಾಣಿ ಜಾಡಿಯಲ್ಲಿ ಕೆಂಪಗೆ ಕೂತಿದ್ದವು.

“ಉಪ್ಪುನೀರಲ್ಲಿ ನೆನೆಹಾಕಿ ಅಷ್ಟಕ್ಕೇ ಬಿಟ್ಬಿಟ್ಟಿದ್ರು ಕಣೇ. ಖಾರ, ಮೆಂತ್ಯ, ಹೇರಳೆಕಾಯಿ ರಸ ಎಲ್ಲ ನಾನೇ ಹಾಕ್ದೆ,” ಎಂದರು. ಯಾರೋ ಅರೆಬರೆ ಮಾಡಿಟ್ಟಿದ್ದ ಕೆಲಸವನ್ನು ಮುಗಿಸಿಕೊಟ್ಟ ತೃಪ್ತಿ ಅವರ ಮುಖದಲ್ಲಿತ್ತು.

ನನಗೆ ಮೈಯೆಲ್ಲ ಉರಿದುಹೋಯಿತು. ಬಾಟಲಿಯ ತಳದಲ್ಲಿ ಉಳಿದಿದ್ದ ಒಂದು ಹಿಡಿ ಆಲಿವ್‌ನಲ್ಲೇ ಹಠಕ್ಕೆ ಬಿದ್ದು ಸಲಾಡ್ ಮಾಡಿ, ತಟ್ಟೆಯನ್ನು ಅವರ ಮುಂದಿಟ್ಟೆ. ಅತ್ತೆ ಕಣ್ಣು ಮುಚ್ಚಿಕೊಂಡು ನಿಧಾನವಾಗಿ ಅಗಿದರು.

“ಚೆನ್ನಾಗಿದೆ. ಕೋಸಂಬರಿಗೆ ಬೇಳೆ ಹಾಕೋದು ಮರ್ತಿದೀಯ, ಅಷ್ಟೇ.”

ತಟ್ಟೆ ಎತ್ತಿಕೊಂಡು ಎದ್ದು ಬಂದೆ. ರಾತ್ರಿ ಮೊಸರನ್ನಕ್ಕೆ ಆ ಉಪ್ಪಿನಕಾಯಿಯನ್ನು ಮತ್ತೆ ಮತ್ತೆ ಹಾಕಿಸಿಕೊಂಡೆ, ಅದು ಬೇರೆ ವಿಷಯ.

ಮುಂದಿನ ಭಾನುವಾರ ಅತ್ತೆ ಕೆಂಗೇರಿಯ ಮಗಳ ಮನೆಗೆ ಹೋಗಿದ್ದರು. ನಾನು ಹೊಸ ಬಾಟಲಿ ತಂದಿದ್ದೆ. ಕೇಳುವವರು ಯಾರೂ ಇರಲಿಲ್ಲ. ಆದರೂ ಬಾಟಲಿಯ ಮುಚ್ಚಳ ತೆಗೆಯುವುದಕ್ಕೂ ಮೊದಲು ನಾನು ಮಾಡಿದ ಕೆಲಸವೆಂದರೆ, ಒಂದು ಹಿಡಿ ಹೆಸರುಬೇಳೆ ನೆನೆಹಾಕಿದ್ದು.