ನಂಜುಂಡ ಕೊಟ್ಟ ಸೋಲಾರ್ ದೀಪ, ನಾನು ತೂರಿದ ಮಣ್ಣು

ಮಾದಪ್ಪನನ್ನು ನಂಬಿದ ಎಲ್ಲರಿಗೂ ದೀಪಾಂಜಲಿ ನಗರದ ವ್ಯಾನ್ ಶಿವಣ್ಣನ ಶರಣು. ಜೀವದ ಗೆಳೆಯನೇ ಕತ್ತು ಕೊಯ್ದನೆಂದು ದೇವರ ಹೆಸರು ಹೇಳಿ ಶಾಪ ಹಾಕಿ ಹಿಡಿ ಮಣ್ಣು ತೂರಿದವನು ನಾನು. ಆ ನಾಚಿಕೆಯನ್ನು ಬಿಟ್ಟು ಬರೆದರೆ ಈ ಅನುಭವ ಅರ್ಧ ಸುಳ್ಳಾಗುತ್ತದೆ.

ಮೈಸೂರು ರಸ್ತೆಗೆ ಮೆಟ್ರೋ ಇನ್ನೂ ಬಾರದ ಕಾಲ. ಮಗಳು ಗೌರಿ ಚೊಚ್ಚಲ ಹೆರಿಗೆಗೆ ಮನೆಗೆ ಬಂದಿದ್ದಳು. ಅವಳದು ಓ ನೆಗೆಟಿವ್ ರಕ್ತ, ಸುಲಭಕ್ಕೆ ಸಿಗುವುದಲ್ಲ. ಮನೆಯಲ್ಲಿ ಆ ಗುಂಪಿನವನು ನಾನೊಬ್ಬನೇ. ವಿಜಯನಗರದ ಆಸ್ಪತ್ರೆಯ ಡಾಕ್ಟರಮ್ಮ, "ಇನ್ನೂ ಮೂರು ವಾರ ಇದೆ, ಹೋಗ್ಬನ್ನಿ. ಆದ್ರೆ ಫೋನ್ ಮಾತ್ರ ಆನ್ ಇರ್ಲಿ" ಎಂದರು. ಶಿವರಾತ್ರಿಗೆ ಮುಂಚೆ ಬೀದಿಯವರನ್ನು ವ್ಯಾನಿನಲ್ಲಿ ಮಾದಪ್ಪನ ಬೆಟ್ಟಕ್ಕೆ ಕರೆದೊಯ್ಯುವುದು ನಮ್ಮಪ್ಪನ ಕಾಲದ ಹರಕೆ, ತಪ್ಪಿಸುವಂತಿರಲಿಲ್ಲ. ಆದರೆ ದಾರಿಯಲ್ಲಿ ನಾವು ಬಿಡಾರ ಹೂಡುವುದು ಕಾಡಂಚಿನ ಹೊಳೆಯ ಪಕ್ಕ. ಅಲ್ಲಿ ಕರೆಂಟಿಲ್ಲ. ನನ್ನ ಹಳೇ ವ್ಯಾನಿನಲ್ಲಿ ಫೋನ್ ಚಾರ್ಜ್ ಮಾಡುವ ಅನುಕೂಲವೂ ಇರಲಿಲ್ಲ.

ಕೆಂಗೇರಿಯಲ್ಲಿ ಎಲೆಕ್ಟ್ರಿಕಲ್ ಅಂಗಡಿ ಇಟ್ಟಿದ್ದ ನಂಜುಂಡ ನನ್ನ ಬಾಲ್ಯದ ಗೆಳೆಯ. ಅವನು ಒಂದು ಸೋಲಾರ್ ದೀಪ ತೆಗೆದು ಹಚ್ಚಿ ತೋರಿಸಿದ. ಜೊತೆಗೊಂದು ಪುಟ್ಟ ಪ್ಯಾನೆಲ್, ಫೋನಿಗೆ ಸಿಕ್ಕಿಸಲು ವೈರು. "ವ್ಯಾನ್ ಮೇಲೆ ಕಟ್ಕೋ ಶಿವ. ಬಿಸಿಲು ಬಿದ್ರೆ ಸಾಕು, ಫೋನೂ ಚಾರ್ಜ್ ಆಗತ್ತೆ. ನನ್ನ ನಂಬು" ಎಂದ. ನಂಬಿದೆ.

ಹೊಸ ವಸ್ತು, ಹೊರಟಿರುವುದು ದೇವರ ದಾರಿ. ಪೂಜೆ ಮಾಡದೆ ಕಟ್ಟಲು ಮನಸ್ಸು ಬರಲಿಲ್ಲ. ಪ್ಯಾನೆಲ್ಲಿಗೆ ವಿಭೂತಿ ಕಲಸಿ ದಪ್ಪವಾಗಿ ಮೂರು ಪಟ್ಟೆ ಎಳೆದು, ನಡುವೆ ಕುಂಕುಮವಿಟ್ಟು, ಸೇವಂತಿಗೆ ಹಾರ ಬಿಗಿದು, ಕಾಯಿ ಒಡೆದು ಹೊರಟೆ.

ದಾರಿಯುದ್ದಕ್ಕೂ ಸುಡುಬಿಸಿಲು. ಸಂಜೆ ಬಿಡಾರ ಹೂಡಿ ದೀಪದ ಗುಂಡಿ ಒತ್ತಿದರೆ ಮಿಣಕ್ ಎನ್ನಲಿಲ್ಲ. ಫೋನ್ ಸಿಕ್ಕಿಸಿದೆ, ಇದ್ದ ಒಂದು ಗೆರೆ ಚಾರ್ಜೂ ಹೋಗಿ ಸತ್ತಿತು. ವ್ಯಾನಿನಲ್ಲಿ ಮೊಬೈಲ್ ಇದ್ದದ್ದು ನನ್ನೊಬ್ಬನ ಬಳಿ. ಈ ನಂಜುಂಡ ಕೆಟ್ಟ ಮಾಲನ್ನು ನನ್ನ ತಲೆಗೆ ಕಟ್ಟಿದ್ದಾನೆ, ಅದೂ ನನ್ನ ಮಗಳ ಪರಿಸ್ಥಿತಿ ಗೊತ್ತಿದ್ದೂ! ಒಂದೇ ತಟ್ಟೆಯಲ್ಲಿ ಉಂಡು ಬೆಳೆದವನು ಹೀಗೆ ಮಾಡಿದರೆ ಇನ್ನು ಯಾರನ್ನು ನಂಬುವುದು? ನಿನ್ನ ಸೇವೆಗೆ ಬಂದವನಿಗೆ ನೀನೂ ಕೈಕೊಟ್ಟೆಯಲ್ಲ ಎಂದು ಮಾದಪ್ಪನನ್ನೂ ಬೈದೆ. ಬೆಳಗಾಗುತ್ತಲೇ ಪ್ಯಾನೆಲ್ ಬಿಚ್ಚಿ ಬಂಡೆಗೆ ಒರಗಿಸಿ, ಬೆಟ್ಟದ ಕಡೆ ಮುಖ ಮಾಡಿ, ಒಂದು ಹಿಡಿ ಮಣ್ಣು ತೂರಿದೆ. "ನಂಜುಂಡನ ಅಂಗಡಿ ಹಾಳಾಗ್ಲಿ" ಎಂದೆ. ಹೌದು, ಈ ಬಾಯಿಂದಲೇ ಅಂದೆ.

ಊರಿನ ಕಡೆ ಹೋಗಿ ಫೋನ್ ಬೂತ್ ಹುಡುಕೋಣವೆಂದರೆ ಎಲ್ಲರೂ ಹೊಳೆಗೆ ಸ್ನಾನಕ್ಕೆ ಇಳಿದಿದ್ದರು. ಮೊದಲು ಮೇಲೆ ಬಂದವರು ರುದ್ರಮ್ಮ, ಹುಬ್ಬಳ್ಳಿ ಕಡೆಯಿಂದ ಬಂದು ನಮ್ಮ ಮಹಡಿಯಲ್ಲಿ ಬಾಡಿಗೆಗಿದ್ದ ಹಿರಿಯರು.

"ಯಣ್ಣಾ, ನನ್ನ ಈಬತ್ತಿ ಮನ್ಯಾಗ ಬಿಟ್ಟ ಬಂದೀನ್ರಿ. ಇದರ ಮ್ಯಾಲಿಂದು ಒಂಚೂರು ತಗೊಳ್ಳೇನ್ರಿ?"

"ಏನಾದ್ರೂ ಮಾಡ್ಕೊಳಿ ಅಮ್ಮ" ಎಂದು ಸಿಡುಕಿದೆ.

ಅವರು ಬಾಡಿದ ಹಾರ ತೆಗೆದಿಟ್ಟು, ಬೆರಳಿಗೆ ವಿಭೂತಿ ತಗೊಂಡು ಹಣೆಗೆ ಹಚ್ಚಿಕೊಂಡರು. "ದೇವರ ಈಬತ್ತಿ ಅರ್ಧಮರ್ಧ ಬಿಡಬಾರದ್ರಿ" ಎಂದು ಒದ್ದೆ ಸೆರಗಿನಿಂದ ಉಳಿದದ್ದನ್ನೂ ಒರೆಸಿ ಕಣ್ಣಿಗೊತ್ತಿಕೊಂಡರು. ಬಿಸಿಲು ನೇರವಾಗಿ ಪ್ಯಾನೆಲ್ಲಿನ ಮೇಲೆ ಬಿತ್ತು. ಪಕ್ಕದಲ್ಲಿದ್ದ ದೀಪದ ಹಸಿರು ಚುಕ್ಕೆ ಹೊತ್ತಿಕೊಂಡಿತು.

ಓಡಿಹೋಗಿ ಫೋನ್ ಸಿಕ್ಕಿಸಿದೆ. ವಿಭೂತಿ ಬಳಿದು, ಹಾರ ಬಿಗಿದು ಪ್ಯಾನೆಲ್ಲಿನ ಮುಖ ಮುಚ್ಚಿದವನು ನಾನೇ!

ಸ್ವಲ್ಪ ಹೊತ್ತಿನಲ್ಲಿ ಫೋನ್ ಜೀವ ಹಿಡಿಯಿತು, ಹಿಡಿದದ್ದೇ ಬಡಿದುಕೊಂಡಿತು. ಅಳಿಯನ ದನಿ: "ಮಾವ, ಗೌರಿಗೆ ಬೆಳಗಿನ ಜಾವದಿಂದ ನೋವು. ಆಪರೇಷನ್ ಅಂತಿದಾರೆ, ಬೇಗ ಬನ್ನಿ." ಬಾಯಲ್ಲಿ ಮಾದಪ್ಪ, ಮಾದಪ್ಪ ಅನ್ನುತ್ತಲೇ ವ್ಯಾನ್ ತಿರುಗಿಸಿದೆ. ಬೆಟ್ಟ ಕಾಣದೆ ವಾಪಸಾಗಬೇಕಾದರೂ ಎಲ್ಲರೂ ಒದ್ದೆ ಬಟ್ಟೆಯಲ್ಲೇ ಹತ್ತಿ ಕೂತರು.

ಆಸ್ಪತ್ರೆ ಮುಟ್ಟುವಾಗ ಮಧ್ಯಾಹ್ನ. ಗೌರಿ ಕಣ್ಣು ಬಿಟ್ಟಿದ್ದಳು, ಪಕ್ಕದಲ್ಲಿ ಹೆಣ್ಣು ಕೂಸು. "ರಕ್ತ?" ಎಂದೆ. ಅಳಿಯ ಬೆಂಚಿನ ಕಡೆ ಕೈ ತೋರಿಸಿದ. ಅಲ್ಲಿ ನಂಜುಂಡ ಕೂತಿದ್ದ. ನನ್ನ ಫೋನ್ ಸಿಗದೆ ಅಳಿಯ ಅವನಿಗೆ ಹೇಳಿದ್ದನಂತೆ. ಅಂಗಡಿ ಬಾಗಿಲು ತೆಗೆಯದೆ, ಸ್ಕೂಟರಿನಲ್ಲಿ ಉಲ್ಲಾಳದವರೆಗೆ ಅಲೆದು, ಆ ಗುಂಪಿನ ಕಾಲೇಜು ಮೇಷ್ಟ್ರೊಬ್ಬರನ್ನು ಹಿಂದೆ ಕೂರಿಸಿಕೊಂಡು ಬಂದಿದ್ದ. ನಾನು ಮಣ್ಣು ತೂರಿದ ಹೊತ್ತಿಗೆ ಅವನು ಮನೆಮನೆಯ ಬಾಗಿಲು ತಟ್ಟುತ್ತಿದ್ದ.

"ಲೈಟ್ ಹೆಂಗೆ ಉರೀತೋ?" ಎಂದ.

ನಡೆದದ್ದನ್ನೆಲ್ಲ ಹೇಳಿದೆ, ಮಣ್ಣಿನ ಮಾತನ್ನೂ. ಅವನ ಮುಖ ಇಳಿದುಹೋಯಿತು. "ಒಂದ್ಸಲ ಕೇಳಬೋದಿತ್ತಲ್ಲೋ ನನ್ನ. ಅದು ಬಿಟ್ಟು ಮಾದಪ್ಪನ ಹತ್ರ ನನ್ನ ಮೇಲೆ ದೂರು ಹೇಳಿದ್ಯಾ?" ಎಂದಷ್ಟೇ ಅಂದು ಎದ್ದು ಹೋದ. ದ್ರೋಹ ಮಾಡಿದವರು ಯಾರೆಂದು ಆಗ ನನಗೆ ತಿಳಿಯಿತು.

ಆ ವಾರವೇ ಒಬ್ಬನೇ ಬೆಟ್ಟಕ್ಕೆ ಹೋಗಿ, ಶಾಪವಿದ್ದರೆ ನನಗಿರಲಿ ಎಂದು ಉರುಳುಸೇವೆ ಮಾಡಿ ಬಂದೆ. ನಂಜುಂಡ ನನ್ನೊಡನೆ ಮಾತು ಬಿಟ್ಟಿದ್ದ. ಕೂಸಿನ ನಾಮಕರಣದ ದಿನ, ಬರುವುದಿಲ್ಲವೆಂದುಕೊಂಡಿದ್ದವನು ಬಾಗಿಲಲ್ಲಿ ನಿಂತಿದ್ದ. ಬೆಟ್ಟದಿಂದ ನಾನು ತಂದಿದ್ದ ವಿಭೂತಿಯನ್ನು ಅವನು ಬೆರಳಿಗೆ ತಗೊಂಡು ಕೂಸಿನ ಹಣೆಗೆ ಹಚ್ಚಿದ. ಆಮೇಲೆ ನನ್ನ ಕಡೆ ನೋಡದೆಯೇ, "ಮಿಕ್ಕಿದ್ದನ್ನ ಒಳಗಿಡು. ಪ್ಯಾನೆಲ್‌ಗೆ ಬಳೀಬೇಡ" ಎಂದ.

ಮಾದಪ್ಪ ಮಗಳನ್ನು ಉಳಿಸಿಕೊಟ್ಟ, ಗೆಳೆಯನನ್ನೂ ವಾಪಸ್ ಕೊಟ್ಟ. ಮಣ್ಣು ತೂರಿ ನಾನು ಹಾಕಿದ ಆ ಒಂದು ಶಾಪಕ್ಕೆ ಮಾತ್ರ ಮಾದಪ್ಪ ಕಿವಿಗೊಡಲಿಲ್ಲ. ಅದಕ್ಕಾಗಿ ದಿನವೂ ಕೈಮುಗಿಯುತ್ತೇನೆ.