ನೋಟೀಸಿನಲ್ಲಿ ಬಿಟ್ಟ ಸಾಲು

ತಗಡಿನ ಡಬ್ಬಿ ಮಾಡುವ ಆ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಟೈಪಿಸ್ಟಕ್ಕ ಎನ್ನುತ್ತಿದ್ದರು. ಟೈಪ್‌ರೈಟರ್ ಮೂಲೆ ಸೇರಿ ಕಂಪ್ಯೂಟರ್ ಬಂದು ಎಷ್ಟೋ ಕಾಲವಾಗಿದ್ದರೂ ಹೆಸರು ಮಾತ್ರ ಅಂಟಿಕೊಂಡೇ ಇತ್ತು. ಕೆಲಸಗಾರರಿಗೆ ಹೋಗುವ ನೋಟೀಸುಗಳನ್ನೆಲ್ಲ ಬರೆಯುವವಳು ಅವಳೇ. ಬೆಲ್ಟಿನ ಹತ್ತಿರ ಜಡೆ ಇಳಿಬಿಟ್ಟುಕೊಂಡು ನಿಲ್ಲಬೇಡಿ ಎಂದು ಮ್ಯಾನೇಜರು ಮೂರು ಸಲ ಆಜ್ಞೆ ಹೊರಡಿಸಿದಾಗ ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಇವಳು, ಜಡೆ ಸಿಕ್ಕಿದರೆ ಯಂತ್ರ ನಿಲ್ಲಲು ಎಷ್ಟು ಹೊತ್ತು ಬೇಕು, ಅಷ್ಟರೊಳಗೆ ಏನಾಗುತ್ತದೆ ಎಂದು ಎರಡೇ ಸಾಲು ಬರೆದು ಅಂಟಿಸಿದಳು. ಮರುದಿನ ಎಲ್ಲರ ತಲೆಯಲ್ಲೂ ತುರುಬು. ಟೈಪಿಸ್ಟಕ್ಕ ಬರೆದಿದ್ದಾಳೆಂದರೆ ಅದರಲ್ಲಿ ಹುರುಳಿರುತ್ತದೆ ಎಂಬ ನಂಬಿಕೆ ಹೀಗೆ ಬೆಳೆದಿತ್ತು.

ಮುಚ್ಚಳ ಒತ್ತುವ ಹೊಸ ಪ್ರೆಸ್ಸುಗಳಿಗಾಗಿ ಹಿಂದುಗಡೆ ಒಂದು ಹಾಲ್ ಕಟ್ಟಿದರು. ಅಲ್ಲಿಗೆ ನಲವತ್ತು ಜನ ತಾವಾಗಿಯೇ ಒಪ್ಪಿ ಬರಬೇಕಿತ್ತು. ಅದೇ ವಾರ ಶಬ್ದ ಅಳೆದವರ ವರದಿ ಅವಳ ಮೇಜಿಗೆ ಬಂತು. ಕಿವಿಗವಸಿಲ್ಲದೆ ದಿನವಿಡೀ ಅಲ್ಲಿದ್ದರೆ ಕಿವಿಗೆ ಅಪಾಯ ಎಂದು ಅದರಲ್ಲಿ ಸ್ಪಷ್ಟವಾಗಿತ್ತು. ಕಿವಿಗವಸು ಬರಲು ಇನ್ನೂ ಆರು ತಿಂಗಳು.

"ಇದನ್ನೂ ಬರೀಬೇಕಲ್ವಾ ಸರ್?" ಎಂದು ಕೇಳಿದಳು.

"ಸುಳ್ಳು ಬರೀರಿ ಅಂತ ನಾನು ಹೇಳ್ತಿಲ್ಲ," ಎಂದರು ಮ್ಯಾನೇಜರು. "ಸುಮ್ನೆ ಹೆದರ್ತಾರೆ. ಒಳ್ಳೇದನ್ನ ಬರೀರಿ, ಸಾಕು."

ಅವಳು ಒಳ್ಳೆಯದನ್ನು ಬರೆದಳು. ದೊಡ್ಡ ಕಿಟಕಿಗಳು, ಕೂತು ಮಾಡುವ ಕೆಲಸ, ಅರ್ಧ ಗಂಟೆ ಮುಂಚೆ ಮನೆಗೆ. ಎಲ್ಲವೂ ನಿಜವೇ. "ಶನಿವಾರದೊಳಗೆ ಹೆಸರು ಕೊಟ್ಟವರಿಗೆ ಮಾತ್ರ" ಎಂಬುದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಜನ ಯೋಚಿಸುತ್ತ ಕೂರದಿರಲಿ ಎಂದು ತಾನೇ ಸೇರಿಸಿದಳು. ಅಚ್ಚುಕಟ್ಟಾಗಿ ಬಂದಿದೆ ಎಂದು ಒಳಗೊಳಗೇ ಹಿಗ್ಗಿದ್ದೂ ಉಂಟು.

ಅದೇ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಅವಳ ನಾದಿನಿ ಅವಳ ಮನೆಯಲ್ಲೇ ಇದ್ದಳು. ಬಾಯಿಬಡುಕಿ, ಇಬ್ಬರು ಪಿಸುಗುಟ್ಟಿದರೆ ಮೂರನೆಯವಳಾಗಿ ಸೇರುತ್ತಿದ್ದಳು. ಅಂದು ಸಂಜೆ ಬಟ್ಟೆ ಮಡಚುತ್ತ ಕೇಳಿದಳು, "ಅತ್ತಿಗೆ, ಹೊಸ ಹಾಲಿಗೆ ನಾನೂ ಹೆಸರು ಕೊಡ್ಲಾ?"

ಟೈಪಿಸ್ಟಕ್ಕ ತಲೆ ಎತ್ತಲಿಲ್ಲ. "ನೋಟೀಸು ಓದಿದ್ಯಲ್ಲ, ನಿಂಗೆ ಹೇಗನ್ಸುತ್ತೋ ಹಾಗೆ ಮಾಡು."

ನಾದಿನಿ ಶುಕ್ರವಾರವೇ ಹೆಸರು ಕೊಟ್ಟಳು.

ಆರು ತಿಂಗಳಲ್ಲಿ ಬರಬೇಕಾದ ಕಿವಿಗವಸು ಒಂದೂವರೆ ವರ್ಷವಾದರೂ ಬರಲಿಲ್ಲ. ಅಷ್ಟರಲ್ಲಿ ನಾದಿನಿ ಮಾತು ಮಾತಿಗೂ "ಹಾಂ?" ಎನ್ನತೊಡಗಿದ್ದಳು. ಕುಕ್ಕರ್ ಎಷ್ಟು ಕೂಗಿದರೂ ಲೆಕ್ಕ ತಪ್ಪಿ ಅನ್ನ ಮುದ್ದೆಯಾಗುತ್ತಿತ್ತು. ಮನೆಯವರು ಮೊದಮೊದಲು ನಕ್ಕರು. ಕಿವಿ ಡಾಕ್ಟರು ಪರೀಕ್ಷೆ ಮಾಡಿ, ಹೋದದ್ದು ವಾಪಸು ಬರುವುದಿಲ್ಲ, ಇದ್ದದ್ದನ್ನು ಉಳಿಸಿಕೊಳ್ಳಿ ಎಂದರು.

"ನನ್ನ ಜೊತೆಯವ್ರು ಬೇಡ ಅಂದಿದ್ರು," ಎಂದಳು ನಾದಿನಿ ಬಸ್ಸಿನಲ್ಲಿ ಬರುವಾಗ. "ಬರೆದಿರೋದು ನೀವಲ್ವಾ ಅಂತ ಹೋದೆ." ಆ ಮಾತಿನಲ್ಲಿ ಆಕ್ಷೇಪಣೆ ಎಳ್ಳಷ್ಟೂ ಇರಲಿಲ್ಲ. ಟೈಪಿಸ್ಟಕ್ಕನಿಗೆ ಅದನ್ನೇ ತಾಳಲಾಗಲಿಲ್ಲ.

ಐದನೆಯ ದಿನ ಸಂಜೆ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಆ ಪ್ರೆಸ್ ಹಾಲಿನ ವಿಷಯ ನಂಗೆ ಮೊದ್ಲೇ ಗೊತ್ತಿತ್ತು," ಎಂದಳು.

"ಏನಂದ್ರಿ? ಜೋರಾಗಿ ಹೇಳಿ ಅತ್ತಿಗೆ."

ಜೋರಾಗಿ ಹೇಳಿದಳು. ಅದೂ ಕೇಳಿಸಲಿಲ್ಲ. ಕೊನೆಗೆ, "ಕಿವಿ ಹಾಳಾಗುತ್ತೆ ಅಂತ ಗೊತ್ತಿತ್ತು, ಬೇಕಂತಲೇ ಬರೀಲಿಲ್ಲ" ಎಂದು ಕೂಗಿ ಹೇಳಬೇಕಾಯಿತು. ಒಳಕೋಣೆಯಲ್ಲಿ ಅತ್ತೆಗೂ ಕೇಳಿಸಿತು, ಗೋಡೆಯಾಚೆಯ ಮನೆಯವರಿಗೂ ಕೇಳಿಸಿತು.

ನಾದಿನಿ ಒಲೆ ಆರಿಸಿದಳು. "ನೋಟೀಸು ಹಾಗಿರ್ಲಿ," ಎಂದಳು. "ನಾನು ಮನೇಲಿ ಕೇಳ್ದಾಗ ಹೇಳ್ಬಹುದಿತ್ತಲ್ಲ." ಇಷ್ಟು ಹೇಳಿ ತನ್ನ ಕೋಣೆಗೆ ಹೋದಳು. ಆ ವಾಚಾಳಿ ಹೆಂಗಸು ಮತ್ತೆ ತಿಂಗಳೊಪ್ಪತ್ತು ಅವಳೊಡನೆ ತುಟಿ ಬಿಚ್ಚಲಿಲ್ಲ.

ಮರುದಿನ ಟೈಪಿಸ್ಟಕ್ಕ ಇನ್ನೊಂದು ನೋಟೀಸು ಬರೆದಳು. ಮೊದಲ ಪ್ರತಿ ಓದಿ ಅವಳಿಗೇ ಅಸಹ್ಯವಾಯಿತು. ಅದರಲ್ಲೂ ತನ್ನ ಮೇಲೆ ಕನಿಕರ ಹುಟ್ಟುವಂತೆ ಸೊಗಸಾಗಿ ಬರೆದಿದ್ದಳು. ಹರಿದೆಸೆದು ಮತ್ತೆ ಬರೆದಳು: ವರದಿ ಬಂದ ದಿನ, ಅದರಲ್ಲಿದ್ದ ಮಾತು, ಅದನ್ನು ತಾನು ಬಿಟ್ಟದ್ದು, ಶನಿವಾರದ ಗಡುವು ತನ್ನ ಕಟ್ಟುಕತೆ ಎಂಬುದು, ಎಲ್ಲರೂ ಕಿವಿ ಪರೀಕ್ಷೆ ಮಾಡಿಸಬೇಕೆಂಬುದು. ಕೆಳಗೆ ಸಹಿ ಹಾಕಿ ಅಂಟಿಸಿದಳು.

ಮಧ್ಯಾಹ್ನ ಕೆಲಸಗಾರರು ಪ್ರೆಸ್ಸುಗಳನ್ನು ನಿಲ್ಲಿಸಿದರು. ಒಂಬತ್ತು ದಿನದಲ್ಲಿ ಕಿವಿಗವಸು ಬಂತು. ಇಷ್ಟು ಬೇಗ ಬರಬಹುದಾಗಿತ್ತು ಎಂಬುದು ಅವಳನ್ನು ಇನ್ನಷ್ಟು ಚುಚ್ಚಿತು. ಪರೀಕ್ಷೆಯಲ್ಲಿ ನಲವತ್ತರಲ್ಲಿ ಹನ್ನೊಂದು ಜನರ ಕಿವಿ ಕೆಟ್ಟಿತ್ತು. ಅವಳನ್ನು ಆಫೀಸಿನಿಂದ ಉಗ್ರಾಣಕ್ಕೆ ಹಾಕಿದರು. ಕೆಲವರು ಎದುರು ಸಿಕ್ಕರೆ ಮುಖ ತಿರುಗಿಸುತ್ತಿದ್ದರು, ಕೆಲವರು ಒಳ್ಳೇ ಕೆಲಸ ಮಾಡಿದಿರಿ ಎನ್ನುತ್ತಿದ್ದರು. ಎರಡನೆಯವರನ್ನು ಕಂಡರೇ ಅವಳಿಗೆ ಹೆಚ್ಚು ಸಂಕಟ.

ನಾದಿನಿ ಈಗ ಕೆಲಸಗಾರರ ಸಮಿತಿಯಲ್ಲಿದ್ದಾಳೆ. ಆಫೀಸಿನಿಂದ ಏನೇ ನೋಟೀಸು ಹೊರಟರೂ ಅದನ್ನು ಉಗ್ರಾಣಕ್ಕೆ ತಂದು ಅತ್ತಿಗೆಯ ಮುಂದಿಟ್ಟು, "ಇದ್ರಲ್ಲಿ ಏನು ಬಿಟ್ಟಿದ್ದಾರೆ ನೋಡಿ," ಎನ್ನುತ್ತಾಳೆ. ಟೈಪಿಸ್ಟಕ್ಕ ಎರಡು ಸಲ ಓದಿ, ನಾದಿನಿಗೆ ಇನ್ನೂ ತುಸು ಕೇಳಿಸುವ ಬಲಗಡೆಗೆ ಹೋಗಿ ನಿಂತು, ಅವಳ ಕಿವಿಯ ಹತ್ತಿರ ಬಾಗಿ, ನಿಧಾನವಾಗಿ, ಜೋರಾಗಿ ಹೇಳುತ್ತಾಳೆ.