ಧೂಳಕ್ಕನ ಮೊದಲ ಗೋಡೆ

ಕೆಲಸದವರೆಲ್ಲ ಅವಳನ್ನು ಧೂಳಕ್ಕ ಎಂದೇ ಕರೆಯುತ್ತಿದ್ದರು. ಪೇಂಟ್ ಮೇಸ್ತ್ರಿಯಾದ ಅಣ್ಣನ ಕೈಕೆಳಗೆ ಅರ್ಧ ಆಯುಷ್ಯ ಹಳೇ ಬಣ್ಣ ಕೆರೆದಿದ್ದಳು, ಬಿರುಕಿಗೆ ಪುಟ್ಟಿ ತುಂಬಿದ್ದಳು, ಉಪ್ಪುಕಾಗದ ಉಜ್ಜಿ ಉಜ್ಜಿ ಹುಬ್ಬೆಲ್ಲ ಬೆಳ್ಳಗೆ ಮಾಡಿಕೊಂಡಿದ್ದಳು. ಬಣ್ಣದ ಡಬ್ಬದ ಮುಚ್ಚಳ ತೆರೆದರೆ ಮಾತ್ರ ಅಣ್ಣ, "ಆಚೆ ಸರಿ ನೀನು" ಅನ್ನುತ್ತಿದ್ದ. ಅವಳಿಗೆ ಹೊಟ್ಟೆ ಉರಿಯುತ್ತಿತ್ತು. ಬಸ್ಸಿನಲ್ಲಿ ಹೋಗುವಾಗ ದಾರಿಯುದ್ದದ ಗೋಡೆಗಳನ್ನೆಲ್ಲ ಮನಸ್ಸಿನಲ್ಲೇ ಬಳಿದು ಮುಗಿಸುತ್ತಿದ್ದಳು ಪುಣ್ಯಾತ್ಗಿತ್ತಿ.

ಆ ಬೆಳಿಗ್ಗೆ ಮಹಡಿ ಮನೆಯೊಂದರ ಮುಂದಿನ ಗೋಡೆ ಪ್ರೈಮರ್ ಒಣಗಿ ಬಣ್ಣಕ್ಕೆ ಕಾದಿತ್ತು. ಅಣ್ಣನೋ, ಹಿಂದಿನ ದಿನ ಗೋಡೆಗೆ ಕಟ್ಟಿದ್ದ ಸಾರುವೆಯಿಂದ ಇಳಿಯುವಾಗ ಕಾಲು ಉಳುಕಿಸಿಕೊಂಡು ಗೇಟಿನ ಪಕ್ಕ ಕುರ್ಚಿಯಲ್ಲಿ ಮುಖ ಊದಿಸಿಕೊಂಡು ಕೂತಿದ್ದ.

"ಅಣ್ಣಾ, ನಾನು ಹಚ್ತೀನಿ ಬಿಡು."

"ತಮಾಷೆನಾ? ಬೀದಿಗೆ ಕಾಣೋ ಗೋಡೆ ಅದು. ಮಧ್ಯ ಕೈ ನಿಂತ್ರೆ ಗೆರೆ ಬೀಳುತ್ತೆ. ಹೋಗೋರು ಬರೋರೆಲ್ಲ ನನ್ನ ಮುಖಕ್ಕೆ ಉಗೀತಾರೆ."

"ಒಂದು ಗೆರೆ ಬಿದ್ರೂ ಈ ಜನ್ಮದಲ್ಲಿ ಮತ್ತೆ ಬಣ್ಣ ಮುಟ್ಟಲ್ಲ. ಕೆರ್ಕೊಂಡೇ ಇರ್ತೀನಿ!"

ಅಂದುಬಿಟ್ಟಳು. ಅಣ್ಣ ಹ್ಞೂಂ ಅನ್ನಲಿಲ್ಲ, ಊಹ್ಞೂಂ ಅನ್ನಲೂ ಇಲ್ಲ. ಅಷ್ಟು ಸಾಕಾಯಿತು ಅವಳಿಗೆ.

ಬಿಸಿಲು ಇನ್ನೂ ಎದುರು ಮನೆಯ ಹಿಂದಿತ್ತು. ಅದು ಗೋಡೆಗೆ ಬಿತ್ತೋ, ಬಣ್ಣ ನೋಡನೋಡುತ್ತಲೇ ಒಣಗುತ್ತದೆ. ಒಣಗಿದ ಅಂಚಿಗೆ ಹಸಿ ಬಣ್ಣ ತಾಗಿದರೆ ಗೆರೆ ತಪ್ಪಿದ್ದಲ್ಲ. ಧೂಳಕ್ಕ ಸೆರಗು ಬಿಗಿದು, ಎಡತುದಿಯಿಂದ ತಿಳಿ ಹಸಿರು ಹಚ್ಚತೊಡಗಿದಳು. ಸಾರುವೆಯ ಮೇಲಿನ ಹಲಗೆಯಲ್ಲಿ ನಿಂತು ಒಂದಷ್ಟು, ಸರಸರನೆ ಇಳಿದು ಅದರ ಕೆಳಗೆ ಒಂದಷ್ಟು, ಮತ್ತೆ ಮೇಲೆ. ಅಬ್ಬಾ, ಅದೇನು ಸುಖ! ರೋಲರ್ ಹೋದಲ್ಲೆಲ್ಲ ಗೋಡೆಗೆ ಜೀವ ಬರುತ್ತಿತ್ತು.

ಮನೆಯಾಕೆ ಟೀ ತಂದು ಕೂಗಿದರು. "ಇಳಿದು ಬಾರಮ್ಮ, ಟೀ ಆರಿಹೋಗುತ್ತೆ."

"ಗೋಡೆನೇ ಆರಿಹೋಗುತ್ತಲ್ಲಮ್ಮಾ!"

ಎರಡು ಲೋಟವನ್ನೂ ಅಣ್ಣನೇ ಕುಡಿದ. ಬಿಸಿಲು ಎದುರಿನ ತಾರಸಿಯ ಅಂಚಿಗೆ ಬಂದದ್ದೇ ತಡ, ಅವನಿಗೆ ಕೂರಲಾಗಲಿಲ್ಲ. ಒಂಟಿಕಾಲಲ್ಲಿ ಎದ್ದು ನಿಂತು, "ಬಂತು ಕಣೇ, ಬಿಸಿಲು ಬಂತು! ಕಿಟಕಿ ಪಕ್ಕ ಮೊದಲು! ಬೇಗ, ಬೇಗ!" ಎಂದು ಬೀದಿಗೆಲ್ಲ ಕೇಳುವಂತೆ ಅರಚಿದ. ಅವಳ ಭುಜ ಬಿದ್ದುಹೋಗುವಂತಿತ್ತು. ಕೈ ಮಾತ್ರ ನಿಲ್ಲಲಿಲ್ಲ. ಬಿಸಿಲು ಗೋಡೆಯ ನೆತ್ತಿ ಮುಟ್ಟುವಷ್ಟರಲ್ಲಿ ಬಲತುದಿ ಮುಗಿದಿತ್ತು.

ಗೋಡೆ ಒಣಗಿದ ಮೇಲೆ ಅಣ್ಣ ಕುಂಟುತ್ತಾ ಬೀದಿಯ ಆಚೆ ಬದಿಗೆ ಹೋದ. ತಲೆ ಓರೆ ಮಾಡಿ ನೋಡಿದ, ಕಣ್ಣು ಕಿರಿದು ಮಾಡಿ ನೋಡಿದ. ಧೂಳಕ್ಕ ಸಾರುವೆಯ ಮೇಲೆ ಉಸಿರು ಬಿಗಿಹಿಡಿದು ನಿಂತಿದ್ದಳು.

"ನಾಳೆ ಎರಡನೇ ಕೋಟು. ನೀನು ಬರೋಷ್ಟರಲ್ಲಿ ಬಣ್ಣ ಕಲಸಿ ಇಟ್ಟಿರ್ತೀನಿ," ಎಂದ.

ಅವಳಿಗೆ ಕುಣಿಯಬೇಕೆನಿಸಿತು. ಹಲಗೆ ಮುರಿದೀತೆಂದು ತಡೆದುಕೊಂಡಳು.

"ಬಣ್ಣದಲ್ಲಿ ಗಂಟು ಇರಬಾರದು ನೋಡು!" ಎಂದು ಮೇಲಿನಿಂದಲೇ ಗದರಿದಳು.

"ಆಯ್ತು ಕಣಮ್ಮಾ," ಎಂದ ಮೇಸ್ತ್ರಿ.